ನಿನಗೇನು ಬೇಕು ಮಗೂ?

ನಮಸ್ಕಾರ. ದೊಡ್ಡ ಕಾಯಿಲೆ ಬಂದಿರುವ ಮಕ್ಕಳ ಆಸೆ ಈಡೇರಿಸುವ ಕೆಲಸದ ಬಗ್ಗೆ ಇವತ್ತು ಮಾತಾಡಬೇಕು. ಯಾರೋ ಒಂದು ಮಗುವಿಗೆ ಸೈಕಲ್ ಕೊಡಿಸುತ್ತಾರೆ. ಇನ್ಯಾರೋ ಇಷ್ಟದ ನಟನನ್ನು ಭೇಟಿ ಮಾಡಿಸುತ್ತಾರೆ. ಇಂಥ ವಿಡಿಯೋ ಬಂದಾಗಲೆಲ್ಲ ಕೆಳಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ಆ ದುಡ್ಡನ್ನ ಔಷಧಿಗೆ ಕೊಡಬಹುದಿತ್ತಲ್ವಾ?’ ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಔಷಧಿಯ ಜೊತೆಗೆ ಇದೂ ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

1980ರ ಏಪ್ರಿಲ್. ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರ. ಕ್ರಿಸ್ ಅನ್ನೋ ಏಳು ವರ್ಷದ ಹುಡುಗನಿಗೆ ರಕ್ತದ ಕ್ಯಾನ್ಸರ್. ಅವನಿಗೆ ಪೊಲೀಸ್ ಆಗಬೇಕು ಅಂತ ಆಸೆ. ವಿಷಯ ಅಲ್ಲಿನ ಹೆದ್ದಾರಿ ಪೊಲೀಸರ ಕಿವಿಗೆ ಬಿತ್ತು. ಅವರು ಸುಮ್ನೆ ಒಂದು ಟೋಪಿ ಕೊಟ್ಟು ಕಳಿಸಲಿಲ್ಲ. ಹೆಲಿಕಾಪ್ಟರ್‌ನಲ್ಲಿ ಕೂರಿಸಿಕೊಂಡು ಹೋದರು. ಅವನ ಅಳತೆಗೇ ಸಮವಸ್ತ್ರ ಹೊಲಿಸಿದರು. ಬ್ಯಾಟರಿಯಲ್ಲಿ ಓಡುವ ಪುಟ್ಟ ಬೈಕಿನ ಮೇಲೆ ಪರೀಕ್ಷೆ ಮಾಡಿದರು, ಅವನು ಪಾಸಾದ. ಕೆಲವೇ ದಿನಗಳಲ್ಲಿ, ಮೇ 3ರಂದು, ಕ್ರಿಸ್ ತೀರಿಕೊಂಡ. ಪೊಲೀಸರು ಅವನಿಗೆ ಇಲಾಖೆಯ ಗೌರವದೊಂದಿಗೆ ವಿದಾಯ ಹೇಳಿದರು. ಮೇಕ್ ಎ ವಿಶ್ ಅನ್ನೋ ಸಂಸ್ಥೆ ಹುಟ್ಟಿದ್ದು ಇದರಿಂದಲೇ. ಜಗತ್ತಿನಾದ್ಯಂತ 5 ಲಕ್ಷಕ್ಕೂ ಜಾಸ್ತಿ ಮಕ್ಕಳ ಆಸೆ ಈಡೇರಿಸಿರುವ ಸಂಸ್ಥೆ ಅದು. ಭಾರತದಲ್ಲಿ 1996ರಿಂದ ಕೆಲಸ ಮಾಡುತ್ತಿದೆ.

ಈ ಕಥೆಯಲ್ಲಿ ಹೆಲಿಕಾಪ್ಟರ್ ಎಲ್ಲರ ನೆನಪಲ್ಲೂ ಉಳಿಯುತ್ತದೆ. ನನಗೆ ಮುಖ್ಯ ಅನ್ನಿಸೋದು ಅದಕ್ಕೂ ಮುಂಚಿನ ಮಾತು. ‘ನಿನಗೇನಾಗಬೇಕು?’ ಅಂತ ಆ ಹುಡುಗನನ್ನು ಯಾರೋ ಕೇಳಿದ್ದರು. ಅವನು ಹೇಳಿದ್ದನ್ನು ದೊಡ್ಡವರು ನಿಜವಾಗಿಯೂ ಕೇಳಿಸಿಕೊಂಡರು.

ಕಾಯಿಲೆಯ ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ಸ್ವಲ್ಪ ಯೋಚನೆ ಮಾಡಿ. ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಕೈಗೆ ಡ್ರಿಪ್, ಬೆನ್ನಿಗೆ ಸೂಜಿ, ತಲೆಕೂದಲು ಪೂರ್ತಿ ಹೋಗಿರುತ್ತದೆ. ‘ಕೌಂಟ್ ಕಡಿಮೆ ಇದೆ, ಹೊರಗಿಂದು ತಿನ್ನಬೇಡ. ಕೌಂಟ್ ಕಡಿಮೆ ಇದೆ, ಆಡೋಕೆ ಹೋಗಬೇಡ.’ ಕೌಂಟ್ ಅಂದರೆ ರಕ್ತಕಣಗಳ ಸಂಖ್ಯೆ. ಶಾಲೆ ನಿಂತುಹೋಗುತ್ತದೆ. ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಯಾವ ಕೈಗೆ ಸೂಜಿ ಹಾಕಬೇಕು, ಎಲ್ಲಾ ಬೇರೆಯವರದೇ ತೀರ್ಮಾನ. ಮಗುವಿನ ಒಳ್ಳೆಯದಕ್ಕೇ, ಒಪ್ಪುತ್ತೇನೆ. ಆದರೂ ವರ್ಷಗಟ್ಟಲೆ ಬೇಡ ಬೇಡ ಅಂತಲೇ ಕೇಳಿಸಿಕೊಂಡ ಮಗು, ನಿಧಾನವಾಗಿ ಏನನ್ನೂ ಕೇಳುವುದನ್ನೇ ಬಿಟ್ಟುಬಿಡುತ್ತದೆ. ಬಡವರ ಮನೆಯ ಮಕ್ಕಳಂತೂ ಅಮ್ಮನ ಮುಖ ನೋಡಿಯೇ ಖರ್ಚಿನ ಲೆಕ್ಕ ಹಾಕಿಬಿಡುತ್ತವೆ. ‘ನನಗೇನೂ ಬೇಡ’ ಅನ್ನುತ್ತವೆ. ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ.

ಅದಕ್ಕೇ ಈ ಕೆಲಸ ಮಾಡುವವರು ಮಗುವಿನ ಜೊತೆ ನೆಲದ ಮೇಲೆ ಕೂತು ಮಾತಾಡಬೇಕು. ಅಪ್ಪ ಅಮ್ಮನ ಆಸೆಯನ್ನು ಮಗು ಒಪ್ಪಿಸದೆ ತನ್ನದೇ ಆಸೆ ಹೇಳುವ ತನಕ ಕಾಯಬೇಕು. ಡಾಕ್ಟರ ಒಪ್ಪಿಗೆಯೂ ಬೇಕು. 2019ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹೀಗೇ ಕೆಲವು ಮಕ್ಕಳು ಪೊಲೀಸ್ ಆಗಬೇಕು ಅಂದಿದ್ದರು. ಅವರು ಒಂದು ದಿನ ಪೊಲೀಸ್ ಕಮಿಷನರ್ ಆಗಿ, ಸಮವಸ್ತ್ರ ಹಾಕಿಕೊಂಡು, ಆ ಕುರ್ಚಿಯಲ್ಲೇ ಕೂತರು. ದಿನಾ ಡಾಕ್ಟರ್, ನರ್ಸ್ ಹೇಳಿದಂತೆ ಕೇಳುವ ಮಗುವಿಗೆ ಅಧಿಕಾರಿಗಳು ಎದ್ದು ನಿಂತು ಸೆಲ್ಯೂಟ್ ಹೊಡೆದರೆ ಹೇಗಿರುತ್ತದೆ ಹೇಳಿ!

ಇನ್ನು ದುಡ್ಡಿನ ಪ್ರಶ್ನೆ. ಅಮೆರಿಕದ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯೊಂದರ ಅಧ್ಯಯನ 2018ರಲ್ಲಿ ಬಂತು. ಆಸೆ ಈಡೇರಿದ ಸುಮಾರು 500 ಮಕ್ಕಳನ್ನು, ಅಂಥದ್ದೇ ಕಾಯಿಲೆ ಇದ್ದು ಆಸೆ ಈಡೇರದ ಅಷ್ಟೇ ಮಕ್ಕಳ ಜೊತೆ ಹೋಲಿಸಿದರು. ಮೊದಲ ಗುಂಪಿನಲ್ಲಿ ದಿಢೀರ್ ಆಸ್ಪತ್ರೆ ಸೇರಬೇಕಾದ ಸಂದರ್ಭ ಕಡಿಮೆಯಾಗಿದ್ದು ಹೆಚ್ಚು ಮಕ್ಕಳಲ್ಲಿ ಕಂಡಿತು. ಆಸೆಯಿಂದಲೇ ಹೀಗಾಯಿತು ಅಂತ ಒಂದು ಅಧ್ಯಯನದಿಂದ ಹೇಳಲಾಗದು. ಆಸೆಯಿಂದ ಗೆಡ್ಡೆ ಕರಗುವುದಿಲ್ಲ, ಕೀಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಔಷಧಿ, ಬಿಡುವ ಹಾಗೂ ಇಲ್ಲ. ಆದರೆ ಕ್ಯಾಲೆಂಡರಿನಲ್ಲಿ ಕೀಮೋ ತಾರೀಖುಗಳ ನಡುವೆ ಒಂದು ಖುಷಿಯ ತಾರೀಖು ಇದ್ದರೆ, ಮಗು ಮಾತ್ರೆ ನುಂಗಲು ಒಂದು ಕಾರಣ ಸಿಕ್ಕ ಹಾಗೆ.

ಮನೆಯವರಿಗೂ ಹಾಗೇ. ಕಲಬುರಗಿ, ರಾಯಚೂರಿನ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಬರುವವರಿದ್ದಾರೆ. ಸರ್ಕಾರದ ಯೋಜನೆಯಿಂದ ಚಿಕಿತ್ಸೆಯ ಖರ್ಚು ತಕ್ಕಮಟ್ಟಿಗೆ ಸಿಕ್ಕರೂ, ಹೋದ ಕೂಲಿ ಸಿಗುವುದಿಲ್ಲ. ಊರಿನಲ್ಲಿ ಇನ್ನೊಂದು ಮಗು ಅಜ್ಜಿ ಹತ್ತಿರ ಇರುತ್ತದೆ. ಅಮ್ಮ ಯಾಕೆ ಬರಲಿಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇಂಥ ಸುಸ್ತಿನಲ್ಲೇ ಎಷ್ಟೋ ಕುಟುಂಬಗಳು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಹೋಗುತ್ತವೆ. ಭಾರತದ ಮಕ್ಕಳ ಕ್ಯಾನ್ಸರ್ ಡಾಕ್ಟರುಗಳಿಗೆ ಇದು ದೊಡ್ಡ ತಲೆನೋವು. ಅಪ್ಪ, ಅಮ್ಮ, ಆ ಇನ್ನೊಂದು ಮಗು, ಎಲ್ಲರೂ ಸೇರಿ ನಗುವ ಒಂದು ದಿನ ಆ ಮನೆಗೆ ಬೇಡವೇ? ಬೇಕೇ ಬೇಕು.

ನನಗೆ ಸಿಟ್ಟು ಬರುವ ವಿಷಯವೂ ಒಂದಿದೆ. ಕ್ಯಾಮೆರಾ. ಮಗುವಿನ ಬೋಳು ತಲೆ, ಅಮ್ಮನ ಕಣ್ಣೀರು, ಹಿಂದೆ ದುಃಖದ ಸಂಗೀತ. ‘ಕೊನೆ ಆಸೆ ಈಡೇರಿತು’ ಅಂತ ಶೀರ್ಷಿಕೆ. ಯಾರ ಕೊನೆ? ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಅಷ್ಟಿಲ್ಲ. 2030ರ ಹೊತ್ತಿಗೆ ಎಲ್ಲ ಕಡೆ ಕನಿಷ್ಠ ಶೇ. 60 ಆಗಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಅಂದರೆ ಈ ಮಕ್ಕಳಲ್ಲಿ ತುಂಬಾ ಜನ ಬೆಳೆದು ಕಾಲೇಜಿಗೆ ಹೋಗುತ್ತಾರೆ, ಕೆಲಸ ಹುಡುಕುತ್ತಾರೆ. ಆಗಲೂ ಆ ವಿಡಿಯೋ ಇರುತ್ತದೆ. ಫೋಟೋ ಬೇಕಾ ಬೇಡವಾ ಅಂತಲೂ ಮಗುವನ್ನೇ ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ ಹಾಕಿಕೊಳ್ಳಿ.

ನಿಮ್ಮ ಪರಿಚಯದಲ್ಲಿ ಇಂಥ ಮಗು ಇದ್ದರೆ ಚಿಕಿತ್ಸೆ ಮುಗಿಯಲಿ ಅಂತ ಕಾಯಬೇಡಿ. ಮಗುವನ್ನು ನೋಡುತ್ತಿರುವ ಡಾಕ್ಟರನ್ನೋ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ಈಗಲೇ ಕೇಳಿ. ಸಂಸ್ಥೆ ಸಿಗದಿದ್ದರೂ ಪರವಾಗಿಲ್ಲ. ಮುಂದಿನ ಸಲ ನೋಡಲು ಹೋಗುವಾಗ ನಿಮಗೆ ತೋಚಿದ ಹಣ್ಣು, ಆಟಿಕೆ ಹಿಡಿದುಕೊಂಡು ಹೋಗುವ ಮುಂಚೆ ಫೋನ್ ಮಾಡಿ, ಮಗುವಿನ ಕೈಗೇ ಕೊಡಿಸಿಕೊಂಡು, ಏನು ತರಲಿ ಅಂತ ಕೇಳಿ.