ಮುರಕಲ್ಲಿನ ಕಬ್ಬಿಣವೇ ಉಸಿರಾದವರು

ಹಿರಿಯರೇ, ಮಾಷ್ಟ್ರುಗಳೇ, ಗೆಳೆಯರೇ,

ಬೈಲುಗದ್ದೆಯ ಮೂಲೆಯಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ ಕಾಣುತ್ತದಲ್ಲ, ಅದನ್ನು ಒಂದು ಕಡ್ಡಿಯಿಂದ ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಚೂರುಚೂರಾಗಿ ಒಡೆದು ಹಾಗೇ ತೇಲುತ್ತದೆ. ಪಕ್ಕದವರ ಪಂಪಿನ ಡೀಸೆಲ್ ಎಂದು ಜಗಳಕ್ಕೆ ಹೋಗುವ ಮುಂಚೆ ಇಷ್ಟು ಮಾಡಿದರೆ ಒಳ್ಳೆಯದು. ಅದು ಸಾಮಾನ್ಯವಾಗಿ ಕಬ್ಬಿಣದ ಪೊರೆ. ಆ ಕಬ್ಬಿಣವನ್ನು ನೀರಿಗೆ ಬಿಟ್ಟವರು ಯಾರು?

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದ್ದು. ಅದು ನೀರಿನಲ್ಲಿ ಕರಗುವುದಿಲ್ಲ. ಕರಗುತ್ತಿದ್ದರೆ ಇಲ್ಲಿನ ಮಳೆಗೆ ಮುರಕಲ್ಲಿನಲ್ಲೇ ಕಟ್ಟಿದ ಬೇಕಲ ಕೋಟೆ ಉಳಿಯುತ್ತಿತ್ತೇ? ಆದರೆ ಗದ್ದೆಯಲ್ಲಿ ನೀರು ಕಟ್ಟಿದಾಗ ಮಣ್ಣಿನೊಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ನಾವು ಉಂಡದ್ದರಿಂದ ಹೊರಟ ಇಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಉಸಿರಾಟ ಎಂದರೆ ಅಷ್ಟೇ. ಆಮ್ಲಜನಕ ಇಲ್ಲದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟಿಗೆ, ಆಮೇಲೆ ಮ್ಯಾಂಗನೀಸ್ ಎಂಬ ಲೋಹಕ್ಕೆ, ಆಮೇಲೆ ಕಬ್ಬಿಣಕ್ಕೆ ಒಪ್ಪಿಸುತ್ತವೆ. ಇಲೆಕ್ಟ್ರಾನು ಪಡೆದ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ. ಅದೇ ಮೇಲೆ ಬಂದು ಗಾಳಿ ತಾಗಿದಾಗ ಆ ಪೊರೆಯಾಗುತ್ತದೆ.

ಲೆಕ್ಕ ಮಜವಾಗಿದೆ. ಕೊಳೆತ ಸೊಪ್ಪಿನಿಂದ ಬಂದ ಒಂದು ಅಸಿಟೇಟ್ (ವಿನೆಗರಿನ ಹುಳಿಯ ರೂಪ) ಅಣುವಿನಲ್ಲಿ ಸಿಗುವುದು 8 ಇಲೆಕ್ಟ್ರಾನು. ಕಬ್ಬಿಣದ ಒಂದು ಪರಮಾಣು ಹಿಡಿಯುವುದು ಒಂದನ್ನೇ. ಅಂದರೆ ಒಂದು ಅಣು ಉಣ್ಣಲು 8 ಕಬ್ಬಿಣ ಬೇಕು. ಮ್ಯಾಂಗನೀಸಾದರೆ 4 ಸಾಕು.

ಇದರಲ್ಲಿ ನನ್ನನ್ನು ಬೆರಗುಗೊಳಿಸುವುದು ಬೇರೆ ಸಂಗತಿ. ಆಮ್ಲಜನಕ ಜೀವಕೋಶದ ಒಳಗೆ ಬರುತ್ತದೆ, ಕಲ್ಲು ಬರುವುದಿಲ್ಲ. ಹಾಗಾಗಿ ಇಲೆಕ್ಟ್ರಾನನ್ನೇ ಹೊರಗೆ ಸಾಗಿಸಬೇಕು. ಅಮೆರಿಕದ ಒನೈಡಾ ಸರೋವರದಲ್ಲಿ ಸಿಕ್ಕ ಶೆವನೆಲ್ಲಾ ಎಂಬ ಬ್ಯಾಕ್ಟೀರಿಯಾ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ಬೆಳೆಯುತ್ತದೆ ಎಂದು 1988ರಲ್ಲಿ ವಿಜ್ಞಾನಿಗಳಾದ ಮೈಯರ್ಸ್ ಮತ್ತು ನೀಲ್ಸನ್ ತೋರಿಸಿದರು. ಅದು ತನ್ನ ಹೊರಪೊರೆಯಲ್ಲೇ ಕಬ್ಬಿಣವುಳ್ಳ ಪ್ರೋಟೀನುಗಳನ್ನು ಸಾಲಾಗಿ ಇಟ್ಟುಕೊಂಡಿದೆ. ಜೊತೆಗೆ ಫ್ಲೇವಿನ್ ಎಂಬ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು ಅವುಗಳ ಕೈಯಲ್ಲೂ ಇಲೆಕ್ಟ್ರಾನು ಕಳಿಸುತ್ತದೆ. ಅದೇ ಕಾಲಕ್ಕೆ ಡೆರೆಕ್ ಲವ್ಲಿ ಎಂಬ ವಿಜ್ಞಾನಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ತೆಗೆದ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ್ದು ಇನ್ನೊಂದು ದಾರಿ. ಅದರ ಮೈಯಿಂದ ಹೊರಡುವ ಎಳೆಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಅಂಥ ಎಳೆಯೊಂದು ಸೈಟೋಕ್ರೋಮ್ ಎಂಬ ಕಬ್ಬಿಣವುಳ್ಳ ಪ್ರೋಟೀನಿನ ಸರಪಳಿ ಎಂದು 2019ರಲ್ಲಿ ಗೊತ್ತಾಯಿತು. ಈ ಬ್ಯಾಕ್ಟೀರಿಯಾಗಳಿಗೆ ಕಲ್ಲಿನ ಬದಲು ಇಲೆಕ್ಟ್ರೋಡು, ಅಂದರೆ ತಂತಿಗೆ ಜೋಡಿಸಿದ ವಿದ್ಯುತ್ ಕಡ್ಡಿ, ಕೊಟ್ಟರೆ ಅದಕ್ಕೂ ಇಲೆಕ್ಟ್ರಾನು ಒಪ್ಪಿಸುತ್ತವೆ. ಸಿಗುವ ಕರೆಂಟು ತುಂಬ ಕಮ್ಮಿ, ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲಿನ ಚಿಂತೆ ಅದರಿಂದ ನೀಗದು.

ಇನ್ನು ಗದ್ದೆಯ ಮಾತು. ಕರಗಿದ ಕಬ್ಬಿಣ ಜಾಸ್ತಿಯಾದರೆ ಭತ್ತದ ಎಲೆಯಲ್ಲಿ ಕಂದು ಚುಕ್ಕೆ ಬೀಳುತ್ತದೆ. ಪೈರಿನ ಬೇರು ಆಮ್ಲಜನಕ ಸೋರಿಸಿ ತನ್ನ ಸುತ್ತ ತುಕ್ಕಿನ ಕವಚ ಕಟ್ಟಿಕೊಳ್ಳುತ್ತದೆ. ಕಿತ್ತು ತೊಳೆದರೂ ಬೇರು ಕೆಂಪಾಗಿ ಉಳಿಯುವುದು ಅದಕ್ಕೇ. ಆಗಾಗ ನೀರು ಹೊರಗೆ ಬಿಟ್ಟು ಗದ್ದೆ ಆರಿಸಿದರೆ ಗಾಳಿಯಾಡಿ ಕಬ್ಬಿಣ ಮತ್ತೆ ಗಟ್ಟಿಯಾಗುತ್ತದೆ. ಹಾಗೆಂದು ಈ ಬ್ಯಾಕ್ಟೀರಿಯಾಗಳನ್ನು ಬರೀ ಉಪದ್ರ ಎನ್ನಲಾರೆ. ಕಬ್ಬಿಣಕ್ಕೆ ಅಂಟಿ ಕೂತ ರಂಜಕ ಪೈರಿಗೆ ಸಿಗುವಂತೆ ಬಿಡಿಸಿಕೊಡುವುದರಲ್ಲಿ ಇವುಗಳ ಪಾಲಿದೆ. ಆದರೆ ಬಂಗಾಳದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಎಂಬ ವಿಷವನ್ನು ಮಣ್ಣಿನಿಂದ ನೀರಿಗೆ ಬಿಡುವುದೂ ಇದೇ ಕೆಲಸ.

ಬೋರ್‌ವೆಲ್ಲಿನ ನೀರು ತೆಗೆಯುವಾಗ ತಿಳಿಯಾಗಿದ್ದು, ಬಕೆಟಿನಲ್ಲಿ ಇಟ್ಟ ಮೇಲೆ ಕೆಂಪಾದರೆ, ಕಬ್ಬಿಣ ನೆಲದೊಳಗೇ ಕರಗಿ ಬಂದಿದೆ ಎಂದು ತಿಳಿಯಿರಿ; ಪೈಪು ಬದಲಿಸಿ ಫಲವಿಲ್ಲ. ನೀರನ್ನು ಎತ್ತರದಿಂದ ಬೀಳಿಸಿ, ತಂಗಲು ಬಿಟ್ಟು, ಮರಳಿನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಮ್ಯಾಂಗನೀಸ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಗಾಳಿ ತಾಗಿ ಗಟ್ಟಿಯಾಗುವುದರಲ್ಲಿ ಅದು ಬಹಳ ನಿಧಾನ. ಪಾತ್ರೆಯಲ್ಲಿ ಕಪ್ಪು ಕಲೆ ಕೂರುತ್ತಿದ್ದರೆ ಕುಡಿಯುವ ಮುಂಚೆ ನೀರನ್ನು ಪರೀಕ್ಷೆಗೆ ಕೊಡಿ.