ಮಗ್ಗಿ ಬಂದ ಮಾತ್ರಕ್ಕೆ ಭಾಗಾಕಾರ ಬಂದಂತಲ್ಲ

ನಮಸ್ಕಾರ. ಕಳೆದ ಸಂಚಿಕೆಯನ್ನು ನೋಡಿದ ಕಾರವಾರದ ವೀಕ್ಷಕರೊಬ್ಬರು, ‘ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿಸಿ, ಭಾಗಾಕಾರ ತಾನಾಗಿ ಬರುತ್ತದೆ, ಹಂಚುವ ಆಟವೆಲ್ಲ ಕಾಲಹರಣ’ ಎಂದು ಬರೆದಿದ್ದಾರೆ. ಬರುವುದಿಲ್ಲ ಸ್ವಾಮಿ. ಕೈಯಾರೆ ಹಂಚಿ ನೋಡದ ಮಗುವಿಗೆ ಭಾಗಾಕಾರ ಬರುವುದಿಲ್ಲ.

ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುವ ಮಗುವಿಗೆ 618ನ್ನು 6ರಿಂದ ಭಾಗಿಸಲು ಹೇಳಿದರೆ ಏನಾಗುತ್ತದೆ? ಆರೊಂದ್ಲೆ ಆರು ಎಂದು ಬರೆದು, ಒಂದನ್ನು ಕೆಳಗಿಳಿಸಿ, ಅದು ಸಾಲದೆಂದು ಎಂಟನ್ನೂ ಇಳಿಸಿ, ಆರು ಮೂರ್ಲೆ ಹದಿನೆಂಟು ಎಂದು ಮುಗಿಸುತ್ತದೆ. ಉತ್ತರ 13. ಮಗ್ಗಿ ಎಲ್ಲಿಯೂ ತಪ್ಪಿಲ್ಲ, ಲೆಕ್ಕ ಮಾತ್ರ ಪೂರ್ತಿ ತಪ್ಪು. ಅದೇ ಮಗುವಿನ ಕೈಗೆ ನೂರರ 6 ನೋಟು, ಹತ್ತರ 1 ನೋಟು, ಒಂದು ರೂಪಾಯಿಯ 8 ನಾಣ್ಯಗಳನ್ನು ಕೊಟ್ಟು ಆರು ಜನರಿಗೆ ಹಂಚಲು ಹೇಳಿ. ಎಲ್ಲರಿಗೂ ನೂರರ ಒಂದೊಂದು ನೋಟು ಸಿಗುತ್ತದೆ. ಹತ್ತರ ನೋಟು ಯಾರಿಗೂ ಸಿಗುವುದಿಲ್ಲ, ಆದ್ದರಿಂದ ಹತ್ತರ ಸ್ಥಾನದಲ್ಲಿ ಸೊನ್ನೆ. ಅದನ್ನು ಚಿಲ್ಲರೆ ಮಾಡಿಸಿದರೆ ಒಟ್ಟು 18 ನಾಣ್ಯ, ತಲೆಗೆ ಮೂರು. ಉತ್ತರ 103. ಹೀಗೆ ಹಂಚಿದ ಮಗು ಆ ಸೊನ್ನೆಯನ್ನು ಮರೆಯುವುದು ಕಷ್ಟ.

ಶೇಷದ ವಿಷಯವೂ ಅಷ್ಟೇ. 38 ತೆಂಗಿನಕಾಯಿಗಳನ್ನು ಚೀಲಕ್ಕೆ ಎಂಟರಂತೆ ತುಂಬಿದರೆ ನಾಲ್ಕು ಚೀಲ ತುಂಬಿ ಆರು ಕಾಯಿ ಉಳಿಯುತ್ತವೆ. ಆದರೆ 38 ಮಕ್ಕಳನ್ನು ವಾಹನಕ್ಕೆ ಎಂಟರಂತೆ ಶಿರಸಿಯಿಂದ ಯಾಣಕ್ಕೆ ಕರೆದೊಯ್ಯುವಾಗ ‘ಭಾಗಲಬ್ಧ 4, ಶೇಷ 6’ ಎಂದು ಬರೆದು ಕೈತೊಳೆದುಕೊಳ್ಳಲಾಗುವುದಿಲ್ಲ, ಐದನೆಯ ವಾಹನ ಬೇಕೇ ಬೇಕು. ಇದನ್ನು ಯಾವ ಮಗ್ಗಿ ಹೇಳಿಕೊಡುತ್ತದೆ? 24 ಬಂಗಡೆಗಳನ್ನು ನಾಲ್ಕು ಮನೆಗಳಿಗೆ ಹಂಚಿದರೂ ಆರು, ನಾಲ್ಕು ನಾಲ್ಕರ ಪಾಲು ಮಾಡಿದರೂ ಆರು. ಮೊದಲನೆಯ ಆರು ಒಂದು ಮನೆಗೆ ಸಿಗುವ ಮೀನಿನ ಲೆಕ್ಕ, ಎರಡನೆಯ ಆರು ಪಾಲುಗಳ ಲೆಕ್ಕ. ಕೈಯಲ್ಲಿ ಹಂಚದೆ ಈ ಅಂತರ ತಿಳಿಯುವುದಿಲ್ಲವೆಂದು ಮತ್ತೆ ಹೇಳುತ್ತೇನೆ.

ಹಂಚಿಸುತ್ತ ಕೂತರೆ ಪಾಠ ಮುಗಿಸಲು ಸಮಯವಿಲ್ಲ ಎನ್ನುತ್ತಾರೆ ಶಿಕ್ಷಕರು. 13 ಎಂದು ಬರೆದ ಮಕ್ಕಳಿಗೆ ಏಳನೇ ತರಗತಿಯವರೆಗೂ ಅದನ್ನೇ ತಿದ್ದಿಕೊಡುತ್ತ ಕೂರಲು ಮಾತ್ರ ಸಮಯವಿದೆಯೇ? ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಮೂರನೇ ತರಗತಿಯವರೆಗೆ ಮಣಿ, ಕಡ್ಡಿ ಹಿಡಿದು ಎಣಿಸಿದ ಮಗುವಿನ ಕೈಯಿಂದ ನಾಲ್ಕಕ್ಕೆ ಬರುತ್ತಲೇ ಅವನ್ನೆಲ್ಲ ಕಸಿದುಕೊಂಡು ‘ಇಳಿಸು, ಕಳೆ, ಇಳಿಸು’ ಎಂದು ಗದರಿಸುವುದು ಅನ್ಯಾಯ. ನಾವೆಲ್ಲ ಹಾಗೆಯೇ ಕಲಿತೆವು ಎನ್ನುವವರ ವಾದಕ್ಕೆ ನಾನು ಉತ್ತರಿಸುವುದೇ ಇಲ್ಲ, ಏಕೆಂದರೆ ಅದು ವಾದವೇ ಅಲ್ಲ. ಮೊದಲು ಹಂಚಿಸಿ. ಆಮೇಲೆ ಬರೆಸಿ. ಮಗ್ಗಿ ಬೇಡವೆಂದು ನಾನು ಎಂದೂ ಹೇಳಿಲ್ಲ. ಹಂಚಿಸಿ ಎಂದಷ್ಟೇ ಹೇಳುತ್ತಿದ್ದೇನೆ, ಹಂಚಿಸಿ!

ಈ ವಾಹಿನಿಗೆ ಇನ್ನೂ ಚಂದಾದಾರರಾಗಿಲ್ಲದವರು ದಯವಿಟ್ಟು ಆಗಿ; ಮುಂದಿನ ಸಂಚಿಕೆ ಭಿನ್ನರಾಶಿಯ ಬಗ್ಗೆ. ಅಷ್ಟರೊಳಗೆ ನಿಮ್ಮ ಮನೆಯ ಮಗುವಿಗೆ 535ನ್ನು 5ರಿಂದ ಭಾಗಿಸಲು ಹೇಳಿ, ಬಂದ ಉತ್ತರ 17 ಆಗಿದ್ದರೆ ಕೆಳಗೆ ಬರೆದು ತಿಳಿಸಿ.