ಉಪ್ಪಿನ ಹರಳಿಗೂ ಆರು ಮುಖ, ಚಿರೆಕಲ್ಲಿಗೂ ಆರು ಮುಖ

ನಮಸ್ಕಾರ. ಶಿರಸಿಯ ನಮ್ಮ ಮನೆಯ ಮೆತ್ತಿಯ ಮೇಲೆ, ಅಡಕೆ ಮೂಟೆಗಳ ನಡುವೆ ಮೈಕ್ ಇಟ್ಟುಕೊಂಡು ಮಾತನಾಡುತ್ತಿದ್ದೇನೆ. ಮೂಟೆಗಳು ಸುತ್ತಲೂ ಇರುವುದರಿಂದ ಧ್ವನಿ ಮಾರ್ದನಿಸುವುದಿಲ್ಲ. ಸ್ಟುಡಿಯೋ ಕಟ್ಟಿಸುವ ಖರ್ಚೂ ಉಳಿಯಿತು. ಈ ಸಂಚಿಕೆಗೆ ಬೇರೆಯೇ ವಿಷಯವನ್ನು ಬರೆದಿಟ್ಟುಕೊಂಡಿದ್ದೆ. ಆದರೆ ಕಳೆದ ವಾರ ಕುಮಟಾದಲ್ಲಿ ಒಂದು ಉಪನಯನದ ಊಟಕ್ಕೆ ಕುಳಿತಾಗ ನಡೆದ ಸಂಗತಿಯೊಂದು ಇನ್ನೂ ಜೀರ್ಣವಾಗಿಲ್ಲವಾದ್ದರಿಂದ, ಅದನ್ನು ಮೊದಲು ಮುಗಿಸುತ್ತೇನೆ.

ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಹೆಂಡತಿಯ ಕಡೆಯ ದೂರದ ಮಾವನೊಬ್ಬರು ಕುಳಿತಿದ್ದರು. ನಾನು ಇಂಥ ವಿಷಯಗಳನ್ನು ಮಾತನಾಡುತ್ತೇನೆಂದು ಅವರಿಗೆ ಯಾರೋ ಹೇಳಿದ್ದರೆಂದು ಕಾಣುತ್ತದೆ. ಹೋಳಿಗೆಯ ಮೇಲೆ ತುಪ್ಪ ಬಿದ್ದ ಕ್ಷಣವನ್ನೇ ನೋಡಿಕೊಂಡು, ಅವರು ಎಡಗೈಯನ್ನು ನನ್ನ ಎಲೆಯ ಮೇಲೆ ಅಡ್ಡಲಾಗಿ ಚಾಚಿ, ಮಣಿಕಟ್ಟಿನ ಗಡಿಯಾರವನ್ನು ತೋರಿಸಿ, "ತಮಾ, ಇದು ತನ್ನಷ್ಟಕ್ಕೇ ಆತ?" ಎಂದು ಕೇಳಿದರು. ಇಲ್ಲ ಮಾವ, ಎಂದೆ. "ಇಷ್ಟು ಸಣ್ಣ ಯಂತ್ರಕ್ಕೇ ಮಾಡ್ದವ ಬೇಕು. ಹಂಗಾರೆ ಇಷ್ಟು ದೊಡ್ಡ ಜಗತ್ತಿಗೆ?" ಎಂದರು. ಎದುರು ಸಾಲಿನವರೆಲ್ಲ ತಲೆಯಾಡಿಸಿದರು. ನಾನು ಬಾಯಿಯಲ್ಲಿದ್ದ ಹೋಳಿಗೆಯನ್ನು ನುಂಗಿ ಉತ್ತರ ಹೇಳುವಷ್ಟರಲ್ಲಿ ಅವರು ಗೆದ್ದ ಮುಖ ಮಾಡಿಕೊಂಡು ಕೈ ತೊಳೆಯಲು ಎದ್ದಿದ್ದರು. ಆ ಉತ್ತರವನ್ನೇ ಈಗ ಹೇಳುತ್ತಿದ್ದೇನೆ.

ದೇವರಿದ್ದಾನೆಯೇ ಇಲ್ಲವೇ ಎನ್ನುವುದು ನನ್ನ ಇಂದಿನ ವಿಷಯವಲ್ಲ. ಕೆಳಗಿನ ಕೋಣೆಯಲ್ಲಿ ನನ್ನ ತಾಯಿ ದಿನವೂ ಎರಡು ಹೊತ್ತು ದೀಪ ಹಚ್ಚುತ್ತಾರೆ. ಎಣ್ಣೆ ತರುವವನು ನಾನೇ. ನನ್ನ ತಕರಾರು ಇರುವುದು "ಜಗತ್ತು ಜಟಿಲವಾಗಿದೆ, ಆದ್ದರಿಂದ ಅದಕ್ಕೊಬ್ಬ ಕರ್ತೃ ಇರಲೇಬೇಕು" ಎಂಬ ವಾಕ್ಯದ ನಡುವೆ ಸಲೀಸಾಗಿ ಕುಳಿತಿರುವ ಆ "ಆದ್ದರಿಂದ" ಎಂಬ ಪದದ ಬಗ್ಗೆ. ಗಡಿಯಾರವನ್ನು ಯಾರೋ ಮಾಡಿದ್ದಾರೆಂದು ನಮಗೆ ತಿಳಿಸುವುದು ಗಡಿಯಾರದ ಜಟಿಲತೆಯಲ್ಲ. ಗಡಿಯಾರ ಮಾಡುವ ಮನುಷ್ಯರಿದ್ದಾರೆ ಎನ್ನುವುದು ನಮಗೆ ಮೊದಲೇ ಗೊತ್ತಿದೆ, ತಿಳಿಸುವುದು ಅದು. ನನ್ನ ಮಾತು ಇಷ್ಟೇ. ಉಳಿದ ಸಮಯವನ್ನೆಲ್ಲ ಇದನ್ನೇ ಹೇಳುವುದಕ್ಕೆ ಬಳಸಲಿದ್ದೇನೆ.

ಮಾವನವರು ಈ ಗಡಿಯಾರವನ್ನು ತಾವೇ ಕಂಡುಹಿಡಿದಂತೆ ತೋರಿಸಿದರು. ವಿಲಿಯಂ ಪೇಲಿ ಎಂಬ ಇಂಗ್ಲೆಂಡಿನ ಪಾದ್ರಿ 1802ರಲ್ಲಿಯೇ, ಬಯಲಿನಲ್ಲಿ ನಡೆಯುವಾಗ ಕಾಲಿಗೆ ಕಲ್ಲು ತಾಗಿದರೆ ಏನೂ ಅನಿಸುವುದಿಲ್ಲ, ಗಡಿಯಾರ ಬಿದ್ದಿದ್ದರೆ ಮಾತ್ರ ಮಾಡಿದವನ ನೆನಪಾಗುತ್ತದೆ ಎಂದು ಬರೆದಿದ್ದ. ವಿಚಿತ್ರವೆಂದರೆ ಅದಕ್ಕೆ ಉತ್ತರ ಅದಕ್ಕಿಂತ 23 ವರ್ಷ ಮೊದಲೇ ಅಚ್ಚಾಗಿತ್ತು. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೀರಿಕೊಂಡ ಮೂರು ವರ್ಷಗಳ ಬಳಿಕ, 1779ರಲ್ಲಿ ಹೊರಬಂದ ಅವನ ಸಂವಾದಗಳಲ್ಲಿ, ಮನೆಯನ್ನು ಕಂಡು ಕಟ್ಟಿದವನನ್ನು ಊಹಿಸುತ್ತೇವೆ, ಏಕೆಂದರೆ ಮನೆ ಕಟ್ಟುವುದನ್ನು ಕಂಡಿದ್ದೇವೆ, ಆದರೆ ಜಗತ್ತು ಕಟ್ಟುವುದನ್ನು ಯಾರು ಕಂಡಿದ್ದಾರೆ ಎಂಬ ಅರ್ಥದ ಮಾತಿದೆ. ಪೇಲಿ ಅದನ್ನು ಓದಿ ಜೀರ್ಣಿಸಿಕೊಂಡಂತೆ ಕಾಣುವುದಿಲ್ಲ. ನಮ್ಮ ಮಾವನವರಂತೂ ಹೋಳಿಗೆಯನ್ನಷ್ಟೇ ಜೀರ್ಣಿಸಿಕೊಂಡರು.

ಇದು ಪಾಶ್ಚಾತ್ಯರ ಜಗಳ, ನಮಗೇಕೆ ಎನ್ನುವವರಿಗಾಗಿ ಇನ್ನೂ ಹಿಂದಕ್ಕೆ ಹೋಗೋಣ. ಸುಮಾರು ಸಾವಿರ ವರ್ಷಗಳ ಹಿಂದೆ ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಪಂಡಿತ ಉದಯನಾಚಾರ್ಯ ಇದೇ ವಾದವನ್ನು ಗಡಿಯಾರವಿಲ್ಲದೆ, ಮಡಕೆಯನ್ನು ಇಟ್ಟುಕೊಂಡು ಮಾಡಿದ: ಮಡಕೆ ಒಂದು ಕಾರ್ಯ, ಅಂದರೆ ಉಂಟಾದ ವಸ್ತು, ಅದಕ್ಕೆ ಕುಂಬಾರನೆಂಬ ಕರ್ತೃ, ಭೂಮಿ ಮುಂತಾದವೂ ಕಾರ್ಯಗಳೇ, ಆದ್ದರಿಂದ ಅವಕ್ಕೂ ಕರ್ತೃ. ಪೇಲಿಗಿಂತ ಎಷ್ಟೋ ಚೂಪಾದ ಬುದ್ಧಿ, ಒಪ್ಪುತ್ತೇನೆ. ಆದರೆ ಅದೇ ನ್ಯಾಯಶಾಸ್ತ್ರ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದಕ್ಕೆ, ಹಾಕಿದ ಷರತ್ತನ್ನೂ ನೋಡಬೇಕು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎನ್ನಬೇಕಾದರೆ, ಅಡುಗೆಮನೆಯಲ್ಲಿ ಹೊಗೆ ಮತ್ತು ಬೆಂಕಿಗಳನ್ನು ಒಟ್ಟಿಗೆ ಕಂಡಿರಬೇಕು, ಕೆರೆಯಲ್ಲಿ ಎರಡೂ ಇಲ್ಲದ್ದನ್ನೂ ಕಂಡಿರಬೇಕು. ಆ ನಂಟಿಗೇ ವ್ಯಾಪ್ತಿ ಎಂದು ಹೆಸರು. ಕುಂಬಾರನ ವಿಷಯದಲ್ಲಿ ನಮಗೆ ಅಡುಗೆಮನೆ ಉಂಟು. ಜಗತ್ತಿನ ವಿಷಯದಲ್ಲಿ ಅಡುಗೆಮನೆ ಯಾವುದು? ಕರ್ತೃ ಇದ್ದು ಆದ ಜಗತ್ತು ಒಂದು, ಕರ್ತೃ ಇಲ್ಲದೆ ಆದ ಜಗತ್ತು ಇನ್ನೊಂದು, ಹೀಗೆ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ನನ್ನನ್ನು ಸಂಪರ್ಕಿಸಬೇಕು. ಊಟ ನಮ್ಮ ಮನೆಯಲ್ಲಿ.

ಈಗ ನಮ್ಮ ಜಿಲ್ಲೆಗೇ ಬರುತ್ತೇನೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಬೇಸಿಗೆಯಲ್ಲಿ ಹೋದವರು ಬಿಳಿಯ ರಾಶಿಗಳನ್ನಷ್ಟೇ ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ಒಮ್ಮೆ ಕುಳಿತು, ಮಡಿಯ ನೀರಿನ ಮೇಲ್ಮೈಯನ್ನು ಕಣ್ಣಿನ ಮಟ್ಟದಲ್ಲಿ ನೋಡಬೇಕು. ಕೆಲವೊಮ್ಮೆ ಅಲ್ಲಿ ಸಣ್ಣ ಸಣ್ಣ ಚೌಕಗಳು ತೇಲುತ್ತಿರುತ್ತವೆ. ಒಂದನ್ನು ಬೆರಳ ತುದಿಯಿಂದ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದರೆ, ತಲೆಕೆಳಗಾದ ಟೊಳ್ಳು ಗೋಪುರದಂತೆ, ಒಳಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಕಟ್ಟಡವೇ ಕಾಣುತ್ತದೆ. ನಮ್ಮ ದೇವಸ್ಥಾನಗಳ ಪುಷ್ಕರಣಿಯನ್ನು ಸಾಸಿವೆ ಕಾಳಿನಷ್ಟಕ್ಕೆ ಕುಗ್ಗಿಸಿದ ಹಾಗೆ. ಆ ಮೆಟ್ಟಿಲುಗಳನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಒಂದರ ಪಕ್ಕ ಒಂದು ಚೌಕಟ್ಟಾಗಿ ಕೂರುತ್ತವೆ. ಹರಳಿನ ಅಂಚುಗಳು ನಡುವಿಗಿಂತ ಬೇಗ ಬೆಳೆಯುತ್ತವೆ. ಭಾರಕ್ಕೆ ಹರಳು ತುಸು ತುಸುವೇ ತಗ್ಗುತ್ತ ಹೋದಂತೆ ಮೇಲಿನ ಅಂಚಿನಲ್ಲಿ ಹೊಸ ಮೆಟ್ಟಿಲು ಮೂಡುತ್ತದೆ. ತಗ್ಗದೆ ನಿಧಾನವಾಗಿ ತಳದಲ್ಲಿ ಬೆಳೆದದ್ದು ಆರು ಮುಖದ ಘನವಾಗುತ್ತದೆ.

ಆರು ಮುಖದ ಇನ್ನೊಂದು ವಸ್ತುವನ್ನೂ ನಮ್ಮ ಕರಾವಳಿಯವರು ಬಲ್ಲರು: ಗೋಡೆ ಕಟ್ಟಲು ಕೆಂಪು ಕಲ್ಲನ್ನು ಕಡಿದು ತೆಗೆಯುವ ಚಿರೆಕಲ್ಲು. ಉಪ್ಪಿನ ಹರಳಿಗೂ ಆರು ಮುಖ, ಚಿರೆಕಲ್ಲಿಗೂ ಆರು ಮುಖ. ನಯದಲ್ಲಿ, ನಿಖರತೆಯಲ್ಲಿ ಹರಳೇ ಮೇಲು. ಚಿರೆಕಲ್ಲಿನ ಮೂಲೆಗಳನ್ನು ನೋಡಿದರೆ ಕಡಿದವನಿಗೆ ಆ ದಿನ ಜ್ವರವಿತ್ತೇನೋ ಅನಿಸುತ್ತದೆ. ಹಾಗಿದ್ದರೂ ಕಾಡಿನ ನಡುವೆ ಒಂದೇ ಒಂದು ಚಿರೆಕಲ್ಲು ಬಿದ್ದಿದ್ದರೆ ಇಲ್ಲಿಗೆ ಮನುಷ್ಯ ಬಂದಿದ್ದ ಎನ್ನುತ್ತೇವೆ, ಉಪ್ಪಿನ ಹರಳನ್ನು ಕಂಡರೆ ಎನ್ನುವುದಿಲ್ಲ. ಏಕೆ? ಚಿರೆಕಲ್ಲು ಹೆಚ್ಚು ಜಟಿಲವೆಂದೇ? ಅಲ್ಲ. ಚಿರೆಕಲ್ಲಿನ ಕಣಿಯನ್ನು ನೋಡಿದ್ದೇವೆ, ಕೆಂಪು ಧೂಳು ಮೆತ್ತಿದ ಕೆಲಸಗಾರರನ್ನು ನೋಡಿದ್ದೇವೆ, ಗರಗಸದ ಸದ್ದನ್ನು ಕೇಳಿದ್ದೇವೆ. ಅದೇ ಕಾಡಿನಲ್ಲಿ ತಲೆಯೆತ್ತಿ ನೋಡಿದರೆ ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರಕ್ಕೆ, ಕಪ್ಪು ಸುಣ್ಣಕಲ್ಲಿನ ಸಾವಿರ ಸೀಳುಗಳೊಡನೆ ನಿಂತಿದೆ. ಒಂದು ಚಿರೆಕಲ್ಲಿಗಿಂತ ಅದರ ಆಕಾರವನ್ನು ವರ್ಣಿಸುವುದು ಲಕ್ಷಪಾಲು ಕಷ್ಟ. ಆದರೂ ಅದನ್ನು ಕಡಿದ ಕೆಲಸಗಾರನನ್ನು ಯಾರೂ ಹುಡುಕುವುದಿಲ್ಲ, ಏಕೆಂದರೆ ಸುಣ್ಣಕಲ್ಲನ್ನು ಮಳೆನೀರು ಕರಗಿಸುತ್ತದೆ ಎನ್ನುವುದು ಗೊತ್ತಿದೆ. ಜಟಿಲತೆ ಎನ್ನುವುದು ಮಾಡಿದವನ ಗುರುತೇ ಅಲ್ಲ. ಎಷ್ಟೋ ಸಲ ಸರಳತೆಯೇ ಅವನ ಗುರುತು.

ಇದನ್ನು ಹಿಂದೊಮ್ಮೆ ಒಬ್ಬರ ಮುಂದೆ ಹೇಳಿದಾಗ, "ಆಗರವನ್ನು ಕಟ್ಟಿದ್ದು ಮನುಷ್ಯನೇ ಅಲ್ಲವೇ?" ಎಂದು ನನ್ನನ್ನು ಹಿಡಿದು ಹಾಕಿದೆನೆಂದುಕೊಂಡರು. ಹೌದು ಸ್ವಾಮಿ, ಕಟ್ಟೆಯನ್ನು ಕಟ್ಟಿದ್ದು ಮನುಷ್ಯ, ನೀರು ಬಿಟ್ಟದ್ದು ಮನುಷ್ಯ, ಉಪ್ಪನ್ನು ಎಳೆದು ರಾಶಿ ಹಾಕಿದ್ದೂ ಮನುಷ್ಯ. ಆದರೆ ಬಂಡೆಯ ಗುಳಿಯಲ್ಲಿ ನಿಂತ ಸಮುದ್ರದ ನೀರು ಒಣಗಿದರೂ ಅದೇ ಆರು ಮುಖದ ಹರಳೇ ಸಿಗುತ್ತದೆ. ಅಲ್ಲಿಗೆ ಯಾವ ಗುತ್ತಿಗೆದಾರನನ್ನು ಕರೆಸೋಣ?

ಮುಂದುವರಿಯುವ ಮೊದಲು ಒಂದು ಪ್ರಕಟಣೆ. ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಈ ವರ್ಷವೂ ಸಿದ್ಧವಾಗಿದೆ. ಬೇಕಾದವರು ಈ ವಿಡಿಯೋದ ಕೆಳಗಿರುವ ಸಂಖ್ಯೆಗೆ ಸಂದೇಶ ಕಳಿಸಬಹುದು. ಅದಕ್ಕೆ ಕರ್ತೃ ಇದ್ದಾಳೆ, ನನ್ನ ಹೆಂಡತಿ. ಅನುಮಾನ ಪ್ರಮಾಣ ಬೇಕಿಲ್ಲ, ಪ್ರತ್ಯಕ್ಷವೇ ಸಾಕು. ಚಾನೆಲ್ಲಿಗೆ ಚಂದಾದಾರರಾಗದೆ ನೋಡುತ್ತಿರುವವರು ಯಾರೆಂಬುದೂ ನನಗೆ ಗೊತ್ತಿದೆ, ಅವರಲ್ಲಿ ಇಬ್ಬರು ನಮ್ಮ ಭಾವಂದಿರೇ.

ಸರಿ. ಶಿರಸಿಯಿಂದ ಸ್ವಲ್ಪ ದೂರದ ಸೋಂದಾಕ್ಕೆ ಬನ್ನಿ. ಅಲ್ಲಿ ವಾದಿರಾಜರ ಬೃಂದಾವನವಿರುವ ದ್ವೈತಿಗಳ ಮಠ, ಅದ್ವೈತಿಗಳ ಸ್ವರ್ಣವಲ್ಲಿ ಮಠ ಮತ್ತು ಜೈನರ ಸ್ವಾದಿ ಮಠ ಒಂದೇ ಊರಿನ ಪರಿಸರದಲ್ಲಿವೆ. ಮೂವರ ತಲೆಯ ಮೇಲೂ ಒಂದೇ ಆಕಾಶ, ಒಂದೇ ನಕ್ಷತ್ರಗಳು, ಅದೇ ಜಟಿಲತೆ. ಜೈನರು ಜಗತ್ತು ಅನಾದಿ, ಸೃಷ್ಟಿಕರ್ತನ ಅಗತ್ಯವೇ ಇಲ್ಲ ಎಂದರು; ನಮ್ಮ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿಯೇ ಸೃಷ್ಟಿಕರ್ತವಾದವನ್ನು ಕಟುವಾಗಿ ಖಂಡಿಸಿದ್ದಾರೆ. ಅದು ಬಿಡಿ, ಅವರು ಆ ಪಕ್ಷದವರು ಎನ್ನಬಹುದು. ವೇದವನ್ನು ಪ್ರಾಣಕ್ಕಿಂತ ಹೆಚ್ಚಾಗಿ ನಂಬಿದ ಕುಮಾರಿಲ ಭಟ್ಟ ಕೂಡ, ಸೃಷ್ಟಿಗೆ ಮೊದಲು ಶರೀರವಿಲ್ಲದವನು ಸೃಷ್ಟಿಸುವುದು ಹೇಗೆ, ಯಾವ ಪ್ರಯೋಜನಕ್ಕಾಗಿ ಎಂದು ಕೇಳಿದ. ಇನ್ನು ವೇದಾಂತಿಗಳು. ಮಧ್ವಾಚಾರ್ಯರು ವಿಷ್ಣುವೇ ಸರ್ವಕರ್ತೃ ಎಂದವರು. ಆದರೆ ಆತನನ್ನು ತಿಳಿಯಲು ಸದಾಗಮ, ಅಂದರೆ ವೇದಾದಿ ಶಾಸ್ತ್ರ, ಒಂದೇ ದಾರಿ, ಬರಿಯ ಅನುಮಾನದಿಂದಲ್ಲ ಎಂದವರೂ ಅವರೇ. ಶಂಕರರದೂ ಶಾಸ್ತ್ರವೇ ಪ್ರಮಾಣವೆಂಬ ನಿಲುವು. ರಾಮಾನುಜರಂತೂ ಮಡಕೆ–ಕುಂಬಾರರ ಅನುಮಾನವನ್ನು ಬಿಡಿಬಿಡಿಯಾಗಿ ಬಿಚ್ಚಿ ಕೈಗೆ ಕೊಟ್ಟಿದ್ದಾರೆ. ಅಂದರೆ ಮಾವನವರು ನನ್ನ ಎಲೆಯ ಮೇಲೆ ಚಾಚಿದ ಆ ವಾದವನ್ನು, ದೇವರನ್ನು ಅತ್ಯಂತ ಗಾಢವಾಗಿ ನಂಬಿದ ಆಚಾರ್ಯರೇ ತಮ್ಮ ಮನೆಯೊಳಕ್ಕೆ ಬಿಟ್ಟುಕೊಂಡಿರಲಿಲ್ಲ. ನಾಸ್ತಿಕರ ಪುಸ್ತಕ ಓದಿ ಕೆಟ್ಟೆ ಎಂದು ನನ್ನನ್ನು ಬೈಯುವವರು ಮೊದಲು ಆಸ್ತಿಕರ ಪುಸ್ತಕಗಳನ್ನಾದರೂ ಓದಬೇಕು.

ಜೀವಿಗಳ ಕಣ್ಣು, ಕಿವಿಗಳ ಮಾತು ಎತ್ತುವವರಿಗೆ ಹೆಚ್ಚು ಸಮಯ ಕೊಡುವುದಿಲ್ಲ. ಅವು ತಲೆಮಾರಿನಿಂದ ತಲೆಮಾರಿಗೆ ತುಸು ತುಸುವೇ ರೂಪುಗೊಂಡವೆಂದು 1859ರಲ್ಲಿ ಡಾರ್ವಿನ್ ಅದಕ್ಕೆ ದಾರಿ ತೋರಿಸಿದ್ದಾನೆ. ಗುಜರಿ ಅಂಗಡಿಯ ಮೇಲೆ ಬಿರುಗಾಳಿ ಬೀಸಿ ವಿಮಾನ ಆದೀತೇ ಎಂದು ಕೇಳುವವರು, ಹಾಗೆ ಒಂದೇ ಏಟಿಗೆ ಆಯಿತೆಂದು ಯಾರು ಹೇಳಿದರೆಂಬುದನ್ನು ಮೊದಲು ತಿಳಿಸಲಿ. ಭೌತಶಾಸ್ತ್ರದ ಸ್ಥಿರಾಂಕಗಳು ತುಸು ಬೇರೆಯಾಗಿದ್ದರೆ ನಕ್ಷತ್ರಗಳೂ ಇರುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ ಎನ್ನುವವರದು ಮಾತ್ರ ಗಟ್ಟಿ ಮಾತು. 1953ರಲ್ಲಿ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್, ನಕ್ಷತ್ರದೊಳಗೆ ಇಂಗಾಲ ಹುಟ್ಟಬೇಕಾದರೆ ಅದರ ಪರಮಾಣುವಿನ ನಡುಬೀಜಕ್ಕೆ (ನ್ಯೂಕ್ಲಿಯಸ್ಸಿಗೆ) ಸುಮಾರು 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಒಂದು ಶಕ್ತಿಮಟ್ಟ ಇರಲೇಬೇಕೆಂದು ಹೇಳಿದಾಗ, ಪ್ರಯೋಗ ಮಾಡಿದವರಿಗೆ ಅದು ಅಲ್ಲಿಯೇ ಸಿಕ್ಕಿತು. ರೋಮಾಂಚನವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ "ಇದು ಆಕಸ್ಮಿಕವಾಗುವ ಸಂಭವ ಎಷ್ಟು ಕಡಿಮೆ" ಎಂದು ಲೆಕ್ಕ ಹೇಳಬೇಕಾದರೆ ಒಟ್ಟು ಎಷ್ಟು ಸಾಧ್ಯತೆಗಳಿದ್ದವು ಎಂಬುದು ತಿಳಿದಿರಬೇಕು. ಮಟ್ಕಾ ಆಡುವವನಿಗೂ 00ರಿಂದ 99ರವರೆಗೆ ಎಂದು ಗೊತ್ತಿರುತ್ತದೆ. ಒಂದೇ ಜಗತ್ತನ್ನು ನೋಡಿ, ಅದರಲ್ಲಿಯೂ ಒಂದು ಮೂಲೆಯನ್ನು ನೋಡಿ, ಸಂಭವದ ಲೆಕ್ಕ ಹೇಳುವವರಿಗೆ ಆ ಮಟ್ಟಿಗಿನ ಶಿಸ್ತೂ ಬೇಡವೇ?

"ಹಾಗಾದರೆ ಆ ನಿಯಮಗಳನ್ನು ಮಾಡಿದವರಾರು?" ಎಂದು ಈಗ ಯಾರೋ ಖಂಡಿತ ಕೇಳುತ್ತಿದ್ದಾರೆ. ನಿಯಮ ಎಂಬ ಪದ ಗ್ರಾಮ ಪಂಚಾಯತಿಯಿಂದ ಸಾಲ ತಂದದ್ದು. ಪಂಚಾಯತಿಯಲ್ಲಿ ನಿಯಮ ಮಾಡುವವರಿರುತ್ತಾರೆ, ಮುರಿಯುವವರೂ ಇರುತ್ತಾರೆ. ಉಪ್ಪು ನಿಯಮ ಮುರಿದದ್ದನ್ನು ನಾನು ಕಂಡಿಲ್ಲ. ಅದು ನಡೆಯುವ ರೀತಿಗೆ ನಾವು ಇಟ್ಟ ಹೆಸರದು. ಮೊದಲು ಮಾಡಿದವನ ಹೆಸರನ್ನು ಪದದೊಳಗೆ ಮುಚ್ಚಿಟ್ಟು, ಆಮೇಲೆ ಪದವನ್ನು ಬಿಚ್ಚಿ "ನೋಡಿ, ಸಿಕ್ಕ" ಎನ್ನುವುದು ತರ್ಕವಲ್ಲ, ಜಾತ್ರೆಯ ಆಟ. ಇನ್ನು ಕೆಲವರು "ಸ್ವಲ್ಪ ವಿನಯವಿರಲಿ" ಎನ್ನುತ್ತಾರೆ. ಗೊತ್ತಿಲ್ಲ ಎನ್ನುತ್ತಿರುವವನು ನಾನು, ಗೊತ್ತು ಎನ್ನುತ್ತಿರುವವರು ಅವರು. ವಿನಯದ ಪಾಠ ಮಾತ್ರ ನನಗೆ!

ಗಡಿಯಾರ, ಗಡಿಯಾರ, ಗಡಿಯಾರ. ಗಡಿಯಾರ ಮಾಡುವವರು ನಮಗೆ ಗೊತ್ತು. ಅದಕ್ಕೇ ಗಡಿಯಾರ ಕಂಡರೆ ಅವರ ನೆನಪಾಗುತ್ತದೆ. ಜಗತ್ತು ಮಾಡುವವರ ಅಂಗಡಿಯನ್ನು ಯಾವ ಪೇಟೆಯಲ್ಲಿ ಕಂಡಿದ್ದೀರಿ? ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಮತ್ತೆ ಕೇಳಿದರೂ ಇದನ್ನೇ ಹೇಳುತ್ತೇನೆ, ಮೂರನೆಯ ಸಲ ಕೇಳಿದರೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ.

ಬರುವ ಭಾನುವಾರ ಅದೇ ಮಾವನವರು ನಮ್ಮ ಮನೆಗೆ ಬರುವವರಿದ್ದಾರೆ. ಮೈಕಿನ ಮುಂದೆ ಕೂರಲು ಒಪ್ಪಿಯೂ ಇದ್ದಾರೆ. ಗಡಿಯಾರವನ್ನು ಬಿಚ್ಚಿಟ್ಟು ಬರಬೇಕು ಎಂಬ ಒಂದೇ ಷರತ್ತನ್ನು ಫೋನಿನಲ್ಲಿ ಹಾಕಿದೆ. ತುಸು ಹೊತ್ತು ಸುಮ್ಮನಿದ್ದು, "ಹಂಗಾರೆ ನಿನ್ನ ಮಾತು ಮುಗೀಲೆ ಎಷ್ಟು ಹೊತ್ತಾತು ಹೇಳಿ ಯಾರ ಕೇಳವು?" ಎಂದರು.